ಅಯ್ಯೋ ಪಾಪ ಅನ್ನದೆ ಓದುವುದು



ದತ್ತಿ ಉಪನ್ಯಾಸ ಅಂದರೆ ವಚನ, ದಾಸಸಾಹಿತ್ಯ, ಬಹಳವೆಂದರೆ ಜಿಲ್ಲೆಯ ಜಾನಪದ. ಈಚೆಗೆ ಬಂದಿರುವ ಕಪ್ಪು ಲೇಖಕರ ಪುಸ್ತಕಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರೊಬ್ಬರು, “ಸಾರ್, ನಮಗೂ ಅದಕ್ಕೂ ಏನು ಸಂಬಂಧ ಅಂತ ಮೊದಲೇ ಹೇಳಿಬಿಡಿ, ಜನ ಎದ್ದು ಹೋಗದಂಗೆ” ಅಂದರು. ಹೇಳಿಬಿಡುತ್ತೇನೆ.

ಸಂಬಂಧ ಹಳೆಯದು. ಜೋತಿಬಾ ಫುಲೆ 1873ರಲ್ಲಿ ತಮ್ಮ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು ಕಪ್ಪು ಜನರ ಬಿಡುಗಡೆಗಾಗಿ ದುಡಿದ ಅಮೆರಿಕದವರಿಗೆ. 1946ರಲ್ಲಿ ಅಂಬೇಡ್ಕರ್ ಅವರು ಡಬ್ಲ್ಯು.ಇ.ಬಿ. ಡು ಬೊಯಿಸ್ ಅವರಿಗೆ ಕಾಗದ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದರು. ಡು ಬೊಯಿಸ್ ಉತ್ತರವನ್ನೂ ಬರೆದರು. 1972ರಲ್ಲಿ ಮುಂಬಯಿಯ ಹುಡುಗರು ಹೆಸರನ್ನೇ ಎರವಲು ತಂದು ದಲಿತ ಪ್ಯಾಂಥರ್ಸ್ ಕಟ್ಟಿದರು. ಮರುವರ್ಷ ನಮ್ಮಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದದ್ದರ ಗಲಾಟೆ, ಅದರ ಬೆನ್ನಿಗೆ ದಲಿತ ಸಂಘರ್ಷ ಸಮಿತಿ, 1975ಕ್ಕೆ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’. ಅಲೆಕ್ಸ್ ಹೇಲಿಯ ‘ರೂಟ್ಸ್’ ಬಂಜಗೆರೆ ಜಯಪ್ರಕಾಶರ ಕೈಯಲ್ಲಿ ‘ತಲೆಮಾರು’ ಆಗಿ ಕನ್ನಡಕ್ಕೂ ಬಂತು.

ಕೇರಿಯ ಓದುಗರು ಕಪ್ಪು ಲೇಖಕರ ಇಂಥ ಪುಸ್ತಕಗಳನ್ನು ನೆಂಟರ ಮನೆಯಿಂದ ಬಂದ ಸುದ್ದಿಯ ಹಾಗೆ ಓದಿದರು. ಊರಿನ ಓದುಗರು ಅಯ್ಯೋ ಪಾಪ ಅಂದರು. ನನ್ನ ತಕರಾರು ಈ ಎರಡನೆಯ ಓದಿನ ಮೇಲೆ. ಅಯ್ಯೋ ಪಾಪ ಅಂದ ಕೂಡಲೇ ಬರೆದವನು ಫಿರ್ಯಾದುದಾರನಾಗುತ್ತಾನೆ, ಓದುವವನು ಜಡ್ಜಾಗುತ್ತಾನೆ. ಕಾದಂಬರಿ ಚೆನ್ನಾಗಿದೆಯೋ ಇಲ್ಲವೋ ಎಂದು ಕೇಳುವುದೇ ಒರಟುತನ ಅನ್ನಿಸಿಬಿಡುತ್ತದೆ. ಈಚಿನ ವರ್ಷಗಳಲ್ಲಿ ಬಂದ ಕಪ್ಪು ಲೇಖಕರು ಈ ಮರ್ಯಾದೆಯನ್ನು ಬೇಡವೆಂದು ಹಿಂದಿರುಗಿಸಿದ್ದಾರೆ. ಅವರೊಡನೆ ಸರೀಕರಂತೆ ಜಗಳವಾಡಬಹುದು. ಇವತ್ತು ಸ್ವಲ್ಪ ಜಗಳವಾಡೋಣ.

ಮೊದಲು ಪರ್ಸಿವಲ್ ಎವರೆಟ್ ಬರೆದ ‘ಜೇಮ್ಸ್’. 2024ರಲ್ಲಿ ಬಂತು, ಆ ವರ್ಷದ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡು, 2025ರ ಪುಲಿಟ್ಜರ್ ಎರಡೂ ಅದಕ್ಕೇ. ಮಾರ್ಕ್ ಟ್ವೈನ್‌ನ ಹಕಲ್‌ಬೆರಿ ಫಿನ್ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಮನೆಬಿಟ್ಟ ಬಿಳಿ ಹುಡುಗ, ತಪ್ಪಿಸಿಕೊಂಡ ಗುಲಾಮ ಜಿಮ್, ಮಿಸಿಸಿಪಿ ಹೊಳೆಯ ಮೇಲೊಂದು ತೆಪ್ಪ. ಅಲ್ಲಿ ಜಿಮ್ ಒಳ್ಳೆಯವನು, ಮೂಢನಂಬಿಕೆಯವನು, ಕೊಂಚ ಪೆದ್ದ. ಎವರೆಟ್ ಅದೇ ಕಥೆಯನ್ನು ಜಿಮ್‌ನ ಬಾಯಿಂದ ಹೇಳಿಸುತ್ತಾನೆ. ಹೇಳಿಸಿದಾಗ ಗೊತ್ತಾಗುವುದೇನೆಂದರೆ ಆ ಪೆದ್ದುತನವೆಲ್ಲ ವೇಷ. ಗುಲಾಮರು ತಮ್ಮತಮ್ಮಲ್ಲಿ ವಕೀಲರಂತೆ ಅಚ್ಚುಕಟ್ಟಾಗಿ ಮಾತಾಡುತ್ತಾರೆ. ಬಿಳಿಯರ ಕಾಲಸಪ್ಪಳ ಕೇಳಿದೊಡನೆ ತೊದಲು ಶುರು.

ರಾತ್ರಿ ಹೊತ್ತು ಜಿಮ್ ತನ್ನ ಮಗಳಿಗೂ ಕೇರಿಯ ಮಕ್ಕಳಿಗೂ ಈ ತೊದಲನ್ನು ಪಾಠ ಹೇಳುತ್ತಾನೆ. ದೊರೆಸಾನಿಯ ಅಡುಗೆಮನೆಗೆ ಬೆಂಕಿ ಬಿದ್ದಿದೆ, ಏನು ಹೇಳುತ್ತೀರಿ? ಬೆಂಕಿ ಬಿದ್ದಿದೆ ಅನ್ನಬಾರದು. ಏನೋ ಕಾಣಿಸ್ತಿದೆ ತಾಯಿ ಅಂತ ಬೆಚ್ಚಿಬಿದ್ದು ತೋರಿಸಬೇಕು. ಬೆಂಕಿ ಎಂದು ಹೆಸರಿಡುವ ಹಕ್ಕು ಅವರದು. ಗೌಡರ ಜಗುಲಿಯ ಮುಂದೆ ನಿಂತು, ಗೊತ್ತಿದ್ದದ್ದನ್ನು ಗೊತ್ತಿಲ್ಲದವರ ಹಾಗೆ ಹೇಳಿ ಬಂದ ಹಿರಿಯರು ಯಾರ ಮನೆಯಲ್ಲಿದ್ದರೋ ಅವರಿಗೆ ಈ ಪಾಠಕ್ಕೆ ಟಿಪ್ಪಣಿ ಬೇಕಿಲ್ಲ. ನಾನು ಓದುತ್ತಾ ನಗುತ್ತಿದ್ದೆ. ನಗುತ್ತಿರುವಾಗಲೇ ಇನ್ನೊಂದು ಬರುತ್ತದೆ. ಜಿಮ್‌ಗೆ ಬರೆಯಬೇಕೆಂಬ ಆಸೆ. ಇನ್ನೊಬ್ಬ ಗುಲಾಮ ತನ್ನ ಯಜಮಾನನಿಂದ ಒಂದು ತುಂಡು ಪೆನ್ಸಿಲ್ ಕದ್ದು ತಂದುಕೊಡುತ್ತಾನೆ. ಆ ಪೆನ್ಸಿಲಿಗಾಗಿ ಅವನ ಪ್ರಾಣವೇ ಹೋಗುತ್ತದೆ. ಎವರೆಟ್ ಇದನ್ನು ಕೆಲವೇ ಸಾಲುಗಳಲ್ಲಿ ಮುಗಿಸುತ್ತಾನೆ, ಕಣ್ಣೀರಿಗೆ ಜಾಗ ಕೊಡುವುದಿಲ್ಲ.

ಇನ್ನೊಂದು ಪ್ರಸಂಗವನ್ನು ಈ ತುಮಕೂರಿನ ಪಕ್ಕದ ಗುಬ್ಬಿಯವರಿದ್ದರೆ ಅವರಿಗಾಗಿ ಹೇಳುತ್ತೇನೆ, ನಾಟಕದ ವೀರಣ್ಣನವರ ಊರಿನವರಿಗೆ ಬಣ್ಣದ ಕಷ್ಟ ಗೊತ್ತು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸಿ ಹಾಡುವ ಮಂಡಳಿಗಳು ಅಲ್ಲಿದ್ದವು. ಅಂಥದೊಂದರಲ್ಲಿ ಜಿಮ್ ಹಾಡಬೇಕಾಗುತ್ತದೆ. ಆದರೆ ಕಪ್ಪು ಮನುಷ್ಯ ರಂಗದ ಮೇಲೆ ನಿಲ್ಲುವ ಹಾಗಿಲ್ಲ. ಆದ್ದರಿಂದ ಅವನನ್ನು ಬಿಳಿಯನೆಂದು ನಂಬಿಸಿ, ಆಮೇಲೆ ಕಪ್ಪು ಬಳಿಯಬೇಕು! ಜಾತಿ ವ್ಯವಸ್ಥೆಯ ತರ್ಕ ಎಷ್ಟು ಹುಚ್ಚಿನದು ಎಂದು ಹೇಳಲು ಇದಕ್ಕಿಂತ ಬೇರೆ ಉಪನ್ಯಾಸ ಬೇಡ.

ಈಗ ಜಗಳ. ಬಿಳಿಯರಿಲ್ಲದಾಗ ಗುಲಾಮರು ಆಡುವುದು ವ್ಯಾಕರಣ ತಪ್ಪದ ಪುಸ್ತಕದ ಇಂಗ್ಲಿಷು. ಜಿಮ್ ಕನಸಿನಲ್ಲಿ ವೋಲ್ಟೇರ್, ಲಾಕ್ ಇಂಥವರೊಡನೆ ವಾದಿಸುವುದೂ ಅದರಲ್ಲೇ. (ಆ ಕನಸುಗಳು ನನಗೆ ಬೇಸರ ತಂದವು, ಮೇಷ್ಟರ ವಾಸನೆ.) ಅಂದರೆ ಬುದ್ಧಿವಂತ ಎಂದು ತೋರಿಸಲು ಯಜಮಾನನ ವ್ಯಾಕರಣವೇ ಬೇಕಾಯಿತೆ? ಕೇರಿಯ ಮಾತಿನಲ್ಲೇ ಕೇರಿ ಯೋಚಿಸಲಾರದೆ? ದೇವನೂರ ಮಹಾದೇವ 1984ರಲ್ಲೇ ‘ಕುಸುಮಬಾಲೆ’ಯಲ್ಲಿ ಉತ್ತರ ಕೊಟ್ಟಿದ್ದಾರೆ. ಅಲ್ಲಿ ನಂಜನಗೂಡು ಸೀಮೆಯ ಆಡುಮಾತೇ ಯೋಚಿಸುತ್ತದೆ, ತಮಾಷೆ ಮಾಡುತ್ತದೆ, ಜೋತಮ್ಮಂದಿರೆಂಬ ಜೀವಗಳನ್ನೂ ಮಾತಾಡಿಸುತ್ತದೆ. ಶಿಷ್ಟ ಕನ್ನಡದಿಂದ ಅದು ಸರ್ಟಿಫಿಕೇಟ್ ಕೇಳುವುದಿಲ್ಲ. ಅಮೆರಿಕದಲ್ಲೂ ಜೋರಾ ನೀಲ್ ಹರ್ಸ್ಟನ್ 1937ರಷ್ಟು ಹಿಂದೆಯೇ ಈ ದಾರಿ ಹಿಡಿದಿದ್ದಳು. ಎವರೆಟ್‌ಗೆ ಇದು ಗೊತ್ತಿಲ್ಲದೆ ಏನಿಲ್ಲ, ಅವನದು ಬೇಕೆಂದೇ ಮಾಡಿದ ಚೇಷ್ಟೆ. ಆದರೂ ಈ ಒಂದು ವಿಷಯದಲ್ಲಿ ‘ಕುಸುಮಬಾಲೆ’ ‘ಜೇಮ್ಸ್’ಗಿಂತ ದೂರ ಹೋಗಿದೆ ಎಂದು ನನ್ನ ಅಭಿಪ್ರಾಯ. ಪುಲಿಟ್ಜರ್ ಬಂದಿದೆಯೆಂದು ಅದನ್ನು ನುಂಗಿಕೊಳ್ಳಲಾರೆ.

ಇನ್ನೊಂದು ದೂರು: ಹೆಂಡತಿ ಸೇಡಿ, ಮಗಳು ಲಿಜ್ಜಿ ಇವರಿಬ್ಬರೂ ಕಾದಂಬರಿಯಲ್ಲಿ ಹೋಗಿ ಸೇರಬೇಕಾದ ಊರಿನಂತಿದ್ದಾರೆಯೇ ಹೊರತು ಮನುಷ್ಯರಾಗಿ ಇಲ್ಲ. ಹೆಂಗಸರು ಬೇಕೆಂದರೆ ಜೆಸ್ಮಿನ್ ವಾರ್ಡ್ ಓದಿ. ‘ಸಾಲ್ವೇಜ್ ದ ಬೋನ್ಸ್’ 2011ರದು. ಕತ್ರಿನಾ ಚಂಡಮಾರುತದ ಹಿಂದುಮುಂದಿನ ಹನ್ನೆರಡು ದಿನ, ತಾಯಿಯಿಲ್ಲದ ಬಡ ಮನೆ, ಬಸುರಾಗಿರುವ ಹದಿನೈದರ ಹುಡುಗಿ. ಕೆಲವು ಕಡೆ ಉಪಮೆ ಹೆಚ್ಚಾಯಿತು ಅನ್ನಿಸುತ್ತದೆ. ಆದರೆ ಆ ಹುಡುಗಿಯನ್ನು ಮರೆಯಲಾಗುವುದಿಲ್ಲ.

ಈ ಸಾಲಿನಲ್ಲಿ ಒಂದೇ ಪುಸ್ತಕ ಕೊಳ್ಳುವಷ್ಟು ದುಡ್ಡಿದ್ದರೆ ಯಾವುದು ಎಂದು ಕೇಳಿದರೆ, ಕೋಲ್ಸನ್ ವೈಟ್‌ಹೆಡ್‌ನ ‘ದ ನಿಕಲ್ ಬಾಯ್ಸ್’. 2019ರಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಪಡೆಯಿತು. ಫ್ಲಾರಿಡಾದಲ್ಲಿ ಡೋಜಿಯರ್ ಎಂಬ ಹುಡುಗರ ಸುಧಾರಣಾ ಶಾಲೆಯಿತ್ತು. 2011ರಲ್ಲಿ ಮುಚ್ಚಿದ ಮೇಲೆ ಅದರ ಆವರಣದಲ್ಲಿ ಹೆಸರಿಲ್ಲದ ಗೋರಿಗಳು ಸಿಕ್ಕವು. ಕಾದಂಬರಿ ಹುಟ್ಟಿದ್ದು ಅಲ್ಲಿಂದ. ಎಲ್ವುಡ್ ಎಂಬ ಹುಡುಗ ಮಾರ್ಟಿನ್ ಲೂಥರ್ ಕಿಂಗರ ಭಾಷಣದ ರೆಕಾರ್ಡನ್ನು ಕೇಳಿ ಕೇಳಿ ಬೆಳೆದವನು. ಕಾಲೇಜಿನ ಪಾಠಕ್ಕೆ ಹೋಗಲು ದಾರಿಯಲ್ಲಿ ಯಾರದೋ ಕಾರು ಹತ್ತುತ್ತಾನೆ, ಅದು ಕದ್ದ ಕಾರು, ಹುಡುಗ ಸುಧಾರಣಾ ಶಾಲೆಗೆ. ರಾತ್ರಿ ಹುಡುಗರನ್ನು ಒಂದು ಬಿಳಿ ಕಟ್ಟಡಕ್ಕೆ ಕರೆದೊಯ್ದು ಹೊಡೆಯುತ್ತಾರೆ. ಕೂಗು ಹೊರಗೆ ಕೇಳದಿರಲೆಂದು ಅಲ್ಲೊಂದು ದೊಡ್ಡ ಫ್ಯಾನು ಓಡಿಸುತ್ತಾರೆ. ವೈಟ್‌ಹೆಡ್ ಹೊಡೆತವನ್ನು ವರ್ಣಿಸುವುದು ಕಡಿಮೆ, ಫ್ಯಾನಿನ ಸದ್ದನ್ನು ಕೇಳಿಸುವುದು ಹೆಚ್ಚು.

ಹುಡುಗರ ಊಟಕ್ಕೆ ಸರ್ಕಾರ ಕಳಿಸಿದ ಸಾಮಾನು ಪೇಟೆಯ ಹೋಟೆಲುಗಳಿಗೆ ಮಾರಾಟವಾಗುವುದನ್ನು ಎಲ್ವುಡ್ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡುತ್ತಾನೆ. ಹಾಸ್ಟೆಲಿನ ಸಾರಿನಲ್ಲಿ ಬೇಳೆ ಹುಡುಕಿದವರು ಈ ಸಭೆಯಲ್ಲಿ ಇದ್ದೀರಿ. ಆ ಅಧ್ಯಾಯ ನಿಮಗಾಗಿ. ಕೊನೆಯಲ್ಲಿ ಒಂದು ತಿರುವು ಇದೆ. ಅದನ್ನು ಹೇಳಿದರೆ ನೀವು ನನ್ನನ್ನು ಕ್ಷಮಿಸುವುದಿಲ್ಲ.

‘ಜೇಮ್ಸ್’ ಓದುತ್ತಾ ನಕ್ಕೆ ಅಂದೆನಲ್ಲ, ಈಗ ನಗುವಿನ ಮಾತಿಗೆ ಬರೋಣ. ಪಾಲ್ ಬೀಟಿಯ ‘ದ ಸೆಲ್‌ಔಟ್’ 2016ರಲ್ಲಿ ಬೂಕರ್ ಗೆದ್ದಿತು. ಕಪ್ಪು ಮನುಷ್ಯನೊಬ್ಬ ತನ್ನ ಬಡಾವಣೆಯಲ್ಲಿ ಗುಲಾಮಗಿರಿಯನ್ನೂ ಬಣ್ಣಕ್ಕೊಂದರಂತೆ ಬೇರೆಬೇರೆ ಶಾಲೆಗಳನ್ನೂ ಮತ್ತೆ ತಂದು ಸುಪ್ರೀಂ ಕೋರ್ಟಿನ ಕಟಕಟೆ ಹತ್ತುವ ಕಥೆ. ಮೊದಲ ನೂರು ಪುಟ ಹೊಟ್ಟೆ ಹುಣ್ಣಾಗುವಂತೆ, ಆಮೇಲೆ ಲೇಖಕನಿಗೇ ಆಯಾಸ. ಇಂಥ ನಗು ನಮಗೆ ಹೊಸದೇನಲ್ಲ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಆರಂಭದಲ್ಲಿ ಹೊಲದಲ್ಲಿ ಎತ್ತಿನ ಬದಲು ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ, ಹುಡುಗನಿಗೆ ಅದೊಂದು ಮೋಜು, ಅವರಲ್ಲೊಬ್ಬ ಅಪ್ಪ ಎಂದು ಗುರುತಾಗುವವರೆಗೆ. ಕನ್ನಡದ ಗದ್ಯದಲ್ಲಿ ಇಷ್ಟು ಬೇಗ ಓದುಗನ ನಗುವನ್ನು ಬಾಯಲ್ಲೇ ತಡೆದು ನಿಲ್ಲಿಸಿದ ಇನ್ನೊಂದು ಪುಟವನ್ನು ನಾನು ಕಂಡಿಲ್ಲ. ಆದರೂ ‘ಊರುಕೇರಿ’ಯನ್ನು ನೋವಿನ ದಾಖಲೆ ಎಂದೇ ಪರೀಕ್ಷೆಯಲ್ಲಿ ಬರೆಸುತ್ತೇವೆ. ಅದರ ತಮಾಷೆಗೆ ಅಂಕವಿಲ್ಲ.

ಇನ್ನು ಇಸಬೆಲ್ ವಿಲ್ಕರ್ಸನ್‌ರ ‘ಕಾಸ್ಟ್’, 2020. ಅಮೆರಿಕದ ವರ್ಣಭೇದವನ್ನು ಅರ್ಥಮಾಡಿಕೊಳ್ಳಲು ನಮ್ಮ ಜಾತಿಯನ್ನೂ ನಾಜಿ ಜರ್ಮನಿಯನ್ನೂ ಪಕ್ಕದಲ್ಲಿಟ್ಟ ಪುಸ್ತಕ. ಜಾತಿಗೆ ಎಂಟು ಕಂಬಗಳು ಎನ್ನುತ್ತಾರೆ. 1959ರಲ್ಲಿ ಕಿಂಗ್ ತಿರುವನಂತಪುರದ ಶಾಲೆಯೊಂದಕ್ಕೆ ಹೋದಾಗ, ಅಮೆರಿಕದಿಂದ ಬಂದ ಅಸ್ಪೃಶ್ಯ ಎಂದು ಮಕ್ಕಳಿಗೆ ಪರಿಚಯಿಸಿದ್ದು, ಮೊದಲು ನೊಂದ ಕಿಂಗ್ ಆಮೇಲೆ ಹೌದೆಂದು ಒಪ್ಪಿದ್ದು ಅದರಲ್ಲಿದೆ. ಅಮೆರಿಕದ ಬಗ್ಗೆ ಬರೆಯುವಾಗ ವಿಲ್ಕರ್ಸನ್ ಕೈ ಗಟ್ಟಿ. ನಮ್ಮ ಕಡೆ ತಿರುಗಿದರೆ ತೆಳು. ಅವರ ಏಣಿಗೆ ಮೇಲಿದೆ, ಕೆಳಗಿದೆ. ಕೆಳಗಿನ ಮೆಟ್ಟಿಲೊಳಗೂ ಮೆಟ್ಟಿಲುಗಳಿವೆ ಎಂಬುದು ಬರುವುದಿಲ್ಲ. ತುಮಕೂರಿನ ಓದುಗರಿಗೆ ಇದು ಸಣ್ಣ ಕೊರತೆಯಲ್ಲ. ಒಳಮೀಸಲಾತಿಗಾಗಿ ದಶಕಗಳ ಕಾಲ ನಡೆದ ಹೋರಾಟ ನಮ್ಮ ಕಣ್ಣೆದುರಿನದು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ದಾರಿ ಬಿಟ್ಟಿತು. ಮರುವರ್ಷ ರಾಜ್ಯ ಸರ್ಕಾರ ಪರಿಶಿಷ್ಟ ಜಾತಿಗಳ ಮೀಸಲಾತಿಯ ಶೇ 17ನ್ನು 6, 6, 5 ಎಂದು ಹಂಚಿತು. ತಮಗೆ ಬೇರೆ ಪಾಲಿಲ್ಲವೆಂದು ಅಲೆಮಾರಿಗಳು ಬೀದಿಗಿಳಿದರು.

ಆ ಅಲೆಮಾರಿಗಳಲ್ಲಿ ದಕ್ಕಲರೂ ಒಬ್ಬರು, ಮಾದಿಗರ ಮನೆಯಲ್ಲಷ್ಟೇ ಬೇಡಿ ಉಣ್ಣುವವರು, ಮಾದಿಗರ ಪುರಾಣವನ್ನು ಹೇಳುವವರು. ಅವರ ಹೆಸರನ್ನು ಕಾವ್ಯದ ತಲೆಯ ಮೇಲೆ ಹೊತ್ತವರು ಇದೇ ತುಮಕೂರಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದ ಕೆ.ಬಿ. ಸಿದ್ದಯ್ಯ. 2019ರಲ್ಲಿ ತೀರಿಕೊಂಡರು. ‘ದಕ್ಲಕಥಾ ದೇವಿಕಾವ್ಯ’ ಸುಲಭದ ಕಾವ್ಯವಲ್ಲ. ಅರ್ಥವಾಗದಿದ್ದರೆ ಅಯ್ಯೋ ಪಾಪ ಅನ್ನಲೂ ಬಿಡದ ಕಾವ್ಯ. ಈಗ ಕೆ.ಪಿ. ಲಕ್ಷ್ಮಣರ ನಿರ್ದೇಶನದಲ್ಲಿ ಅದು ನಾಟಕವಾಗಿ ಊರೂರು ಸುತ್ತಿದ ಮೇಲೆ, ಕಷ್ಟದ ಕಾವ್ಯ ಎಂದು ದೂರವಿಟ್ಟವರೂ ತಮಟೆಯ ಮುಂದೆ ಕೂತು ಕೇಳಿದ್ದಾರೆ. ವಿಲ್ಕರ್ಸನ್‌ಗೆ ಒಂದು ಪ್ರತಿ ಕಳಿಸಬೇಕು ಎಂದು ನನಗೆ ಅನ್ನಿಸುವುದುಂಟು.

ಅಬ್ದುಲ್‌ರಜಾಕ್ ಗುರ್ನಾ ಬಗ್ಗೆ ಎರಡೇ ಮಾತು. 2021ರ ನೊಬೆಲ್, ಜಾಂಜಿಬಾರಿನವರು. ‘ಆಫ್ಟರ್‌ಲೈವ್ಸ್’ ಜರ್ಮನರು ಆಳುತ್ತಿದ್ದ ಪೂರ್ವ ಆಫ್ರಿಕಾದ ಕಥೆ. ಅಲ್ಲಿನ ಖಲೀಫನ ಅಪ್ಪ ಗುಜರಾತಿನ ಲೆಕ್ಕ ಬರೆಯುವವನು, ತಾಯಿ ಆಫ್ರಿಕಾದವಳು. ಭಾರತೀಯರು ಸಾಹುಕಾರರಾಗಿ, ಲೇವಾದೇವಿಯವರಾಗಿ ಆ ತೀರದಿಂದ ಹೇಗೆ ಕಾಣುತ್ತಿದ್ದರು ಎಂದು ತಿಳಿಯಲು ಓದಬೇಕು. ನಿಧಾನದ ಲೇಖಕರು. ಅವಸರದವರಿಗಲ್ಲ.

ಅದೇ ಆಫ್ರಿಕಾದ ಕಡೆಯಿಂದ ಪೋರ್ಚುಗೀಸರು ಗೋವಾಕ್ಕೆ ತಂದ ಗುಲಾಮರ ಸಂತತಿ ನಮ್ಮ ರಾಜ್ಯದಲ್ಲೇ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿಗಳು. 1980ರ ದಶಕದಲ್ಲಿ ಮಂಚಿಕೇರಿಯಲ್ಲಿ ಚಿದಂಬರರಾವ್ ಜಂಬೆ ಅವರು ಚಿನುವ ಅಚೆಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಅನ್ನು ‘ಕಪ್ಪು ಜನ ಕೆಂಪು ನೆರಳು’ ಎಂದು ಸಿದ್ದಿಗಳಿಂದಲೇ ಆಡಿಸಿದರು. ನೈಜೀರಿಯಾದ ಹಳ್ಳಿಯೊಂದು ಉತ್ತರ ಕನ್ನಡದ ಸಿದ್ದಿಗಳ ಮೈಮೇಲೆ ಕನ್ನಡದಲ್ಲಿ ನಿಂತಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೂ ಸೇರಿದರು, ಅವರಲ್ಲೊಬ್ಬರು 2020ರಲ್ಲಿ ವಿಧಾನ ಪರಿಷತ್ತಿಗೂ ಬಂದರು. ಅವರ ಡಮಾಮಿ ಕುಣಿತಕ್ಕೆ ಉತ್ಸವಗಳಲ್ಲಿ ಚಪ್ಪಾಳೆ ಹೊಡೆಯುತ್ತೇವೆ. ಅವರು ಬರೆಯಲಿ ಎಂದು ಮಾತ್ರ ಯಾರೂ ಕಾದು ಕೂತಂತಿಲ್ಲ. ಕಪ್ಪು ಲೇಖಕ ಎಂದರೆ ನ್ಯೂಯಾರ್ಕಿನಿಂದಲೇ ಬರಬೇಕು ಎಂದುಕೊಂಡಿದ್ದೇವೆ.

ದತ್ತಿಯ ಮನೆಯವರಲ್ಲಿ ಒಂದು ಕೋರಿಕೆ. ಮುಂದಿನ ವರ್ಷ ಈ ಜಾಗದಲ್ಲಿ ಮಾತಾಡಲು ಮಂಚಿಕೇರಿ ಕಡೆಯಿಂದ ಒಬ್ಬರನ್ನು ಕರೆಸಿ. ಅವರ ಬಸ್ ಚಾರ್ಜು ದತ್ತಿಯ ಬಡ್ಡಿಯಲ್ಲೇ ಆಗುತ್ತದೆ, ಸಾಲದಿದ್ದರೆ ಈ ಸಲದ ನನ್ನ ಸಂಭಾವನೆಯನ್ನು ಸೇರಿಸಿಕೊಳ್ಳಿ.