ಉಕ್ಕಿನ ದಣಿವು
(ಶಾಲೆಯ ವಿಜ್ಞಾನ ಮಂಡಲದ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಕಳೆದ ವಾರ ಹತ್ತನೆಯ ಇಯತ್ತೆಯ ಬಾಲಕನೊಬ್ಬನು ತನ್ನ ಸೈಕಲ್ಲಿನ ಹಿಂದಿನ ಗಾಲಿಯಿಂದ ತೆಗೆದ ಉಕ್ಕಿನ ಕೋನೊಂದನ್ನು ನನ್ನ ಮೇಜಿನ ಮೇಲಿಟ್ಟು, “ಸರ್, ವರ್ಷವೂ ತಪ್ಪದೆ ಇದಕ್ಕೆ ಗ್ರೀಸು ತುಂಬಿಸಿದ್ದೇವೆ. ಆದರೂ ಸಿಡುಬಿನ ಕಲೆಗಳಂತೆ ಕುಳಿ ಬಿದ್ದಿವೆಯಲ್ಲ, ಏಕೆ?” ಎಂದು ಕೇಳಿದನು. ಪ್ರಶ್ನೆ ನನಗೆ ಹಿಡಿಸಿತು. ಎಣ್ಣೆ ಕಾಣದ ಯಂತ್ರವು ಕೆಡುವುದನ್ನು ಎಲ್ಲರೂ ಬಲ್ಲರು. ಎಣ್ಣೆ ಉಂಡ ಯಂತ್ರವೂ ಕೆಡುವುದೇಕೆ?

ಗುಂಡು ತನ್ನ ಪಥದ ಮೇಲೆ ಉರುಳುವಾಗ ಇವೆರಡೂ ತಾಗುವ ಸ್ಥಳವು ಎಳ್ಳಿನ ಕಾಳಿಗಿಂತ ಚಿಕ್ಕದು. ಭಾರವೆಲ್ಲವೂ ಇಂಥ ಕೆಲವೇ ಚುಕ್ಕೆಗಳ ಮೇಲೆ ಬೀಳುತ್ತದೆ. ದೊಡ್ಡ ಯಂತ್ರಗಳ ಬೇರಿಂಗುಗಳಲ್ಲಿ ಅಲ್ಲಿಯ ಒತ್ತಡವು ವಾಯುಭಾರದ ಹತ್ತು ಸಾವಿರ ಪಟ್ಟನ್ನು ಮೀರುವುದುಂಟು. ಇದನ್ನು ಗಣಿಸುವ ಮಾರ್ಗವನ್ನು 1881ರಲ್ಲಿ ಜರ್ಮನಿಯ ಹೈನ್‌ರಿಖ್ ಹರ್ಟ್ಸ್ ತೋರಿಸಿದನು. ಆಗ ಅವನಿಗೆ ಇಪ್ಪತ್ತೈದು ತುಂಬಿರಲಿಲ್ಲ. ರೇಡಿಯೋ ಅಲೆಗಳನ್ನು ಪ್ರಯೋಗದಿಂದ ಸಿದ್ಧಪಡಿಸಿದವನೂ ಇವನೇ.

ಸೋಜಿಗವೆಂದರೆ, ಜಾರದೆ ಉರುಳುವಲ್ಲಿ ಉಕ್ಕನ್ನು ಕತ್ತರಿಸಲೆಳಸುವ ಬಲವು ಅತ್ಯಧಿಕವಾಗಿರುವುದು ಮೇಲ್ಮೈಯಲ್ಲಲ್ಲ, ಅದರ ತುಸು ಕೆಳಗೆ. ಒಂದು ಸಲದ ಭಾರಕ್ಕೆ ಉಕ್ಕು ಜಗ್ಗದು. ಆದರೆ ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವುದನ್ನು ನೀವು ನೋಡಿದ್ದೀರಿ. ಹಾಗೆಯೇ ಲಕ್ಷಾಂತರ, ಕೋಟ್ಯಂತರ ಸಲ ಗುಂಡು ಹಾಯ್ದುಹೋದ ಮೇಲೆ, ಉಕ್ಕಿನೊಳಗೆ ಕಲ್ಮಷದ ಕಣವೊಂದಿದ್ದಲ್ಲಿ ಬಿರುಕು ಹುಟ್ಟಿ, ಮೆಲ್ಲನೆ ಬೆಳೆದು ಮೇಲೆ ಬರುತ್ತದೆ. ಅಲ್ಲಿ ಉಕ್ಕಿನ ಚಕ್ಕೆಯೊಂದು ಎದ್ದುಹೋಗಿ ಕುಳಿ ಉಳಿಯುತ್ತದೆ. ಇದು ಸವಕಳಿಯಲ್ಲ, ದಣಿವು.

ಗಿಯರಿನ ಹಲ್ಲುಗಳ ಪಾಡು ಇನ್ನೂ ಕಠಿಣ. ಅವು ಉರುಳುತ್ತಲೂ ಇರುತ್ತವೆ, ಜಾರುತ್ತಲೂ ಇರುತ್ತವೆ. ಅಲ್ಲಿ ಬಿರುಕು ಮೇಲ್ಮೈಯಲ್ಲಿಯೇ ಹುಟ್ಟುವುದು ಹೆಚ್ಚು. 1935ರಲ್ಲಿ ಅಮೆರಿಕದ ಸ್ಟುವರ್ಟ್ ವೇ ಎಂಬವನು ಉರುಳೆಗಳನ್ನು ಒಂದಕ್ಕೊಂದು ಒತ್ತಿ ತಿರುಗಿಸಿ ಪರೀಕ್ಷಿಸಿದಾಗ, ಎಣ್ಣೆಯಿಲ್ಲದಲ್ಲಿ ಈ ಕುಳಿಗಳೇ ಬೀಳಲಿಲ್ಲ! ಬಿರುಕಿನೊಳಗೆ ಹೊಕ್ಕ ಎಣ್ಣೆಯು, ಉರುಳೆ ಬಂದು ಬಾಯಿ ಮುಚ್ಚಿದೊಡನೆ, ಬೆಣೆಯಂತೆ ಬಿರುಕನ್ನು ಸೀಳುತ್ತದೆಂದು ಅವನು ವಿವರಿಸಿದನು. ಹಾಗೆಂದು ನಾಳೆಯೇ ಎಣ್ಣೆಯ ಡಬ್ಬಿಯನ್ನು ಎಸೆದುಬಿಡಬೇಡಿ. ಎಣ್ಣೆಯಿಲ್ಲದ ಹಲ್ಲು ಕಾದು, ಉಜ್ಜಿ, ಕುಳಿ ಬೀಳುವ ಮೊದಲೇ ಹಾಳಾದೀತು. ತಕ್ಕಷ್ಟು ಮಂದವಾದ ಎಣ್ಣೆಯಲ್ಲಿ ಕುಳಿ ಬೀಳದಿದ್ದುದನ್ನೂ ಅವನೇ ಕಂಡನು.

ಎರಡು ಉಕ್ಕುಗಳ ನಡುವಣ ಎಣ್ಣೆಯ ಪೊರೆಯು ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು, ಹಲವೆಡೆ ಅದಕ್ಕಿಂತಲೂ ತೆಳುವು. ನಮ್ಮ ರಸ್ತೆಯ ಧೂಳಿನ ಒಂದು ಕಣಕ್ಕೆ ಅದು ಯಾವ ಲೆಕ್ಕ? ಕಣವು ಒತ್ತಿದ ತಗ್ಗಿನ ಅಂಚೇ ಮುಂದೆ ಬಿರುಕಿನ ತೌರು. ನೀರು ಸೇರಿದ ಎಣ್ಣೆಯೂ ಆಯುಷ್ಯವನ್ನು ಕುಗ್ಗಿಸುತ್ತದೆ. ಭಾರದ ಮಾತಂತೂ ಕೇಳಲೇಬೇಡಿ: ಸ್ವೀಡನ್ನಿನ ಲುಂಡ್‌ಬೆರಿ ಮತ್ತು ಪಾಲ್ಮ್‌ಗ್ರೆನ್ 1947ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಗುಂಡಿನ ಬೇರಿಂಗಿನ ಮೇಲೆ ಭಾರ ಇಮ್ಮಡಿಯಾದರೆ ಆಯುಷ್ಯ ಎಂಟನೆಯ ಒಂದು ಪಾಲಿಗಿಳಿಯುತ್ತದೆ. ಸೈಕಲ್ಲಿನ ಮೇಲೆ ಮೂವರು ಕುಳಿತು ಬರುವವರು ಯಾರೆಂದು ನಾನು ಹೆಸರು ಹೇಳುವುದಿಲ್ಲ.

ಸೈಕಲ್ಲಾದರೆ ಗಾಲಿ ಕರಕರ ಎಂದು ಮುನ್ಸೂಚನೆ ಕೊಡುತ್ತದೆ. ಎಲ್ಲ ಯಂತ್ರಗಳೂ ಕೊಡುವುದಿಲ್ಲ. 2016ರ ಏಪ್ರಿಲ್ 29ರಂದು ನಾರ್ವೆಯ ಸಮುದ್ರದ ತೈಲಬಾವಿಯೊಂದರಿಂದ ಬರ್ಗೆನ್ ನಗರಕ್ಕೆ ಮರಳುತ್ತಿದ್ದ ಹೆಲಿಕಾಪ್ಟರಿನ ಮೇಲಣ ರೆಕ್ಕೆಚಕ್ರವೇ ಕಳಚಿಹೋಗಿ, ಅದರಲ್ಲಿದ್ದ 13 ಮಂದಿಯೂ ಮಡಿದರು. 2018ರಲ್ಲಿ ಮುಗಿದ ತನಿಖೆಯು ಕಾರಣವನ್ನು ಗಿಯರುಪೆಟ್ಟಿಗೆಯೊಳಗಿನ ಒಂದು ಹಲ್ಲುಚಕ್ರದಲ್ಲಿ ಕಂಡಿತು. ಆ ಚಕ್ರದ ಒಳಮೈಯೇ ಬೇರಿಂಗಿನ ಪಥ. ಅಲ್ಲಿಯ ಅತಿಸೂಕ್ಷ್ಮವಾದ ಕುಳಿಯೊಂದರಿಂದ ಹೊರಟ ಬಿರುಕು ಮೇಲ್ಮೈಯ ಕೆಳಗೆ ಹರಿದು ಹಲ್ಲುಗಳ ಕಡೆಗೆ ತಿರುಗಿತ್ತು. ಎಣ್ಣೆಯಲ್ಲಿ ಉಕ್ಕಿನ ಚಕ್ಕೆಗಳನ್ನು ಹಿಡಿದು ಎಚ್ಚರಿಸಲೆಂದು ಅಯಸ್ಕಾಂತಗಳನ್ನಿಟ್ಟಿದ್ದರು. ಆದರೆ ಬಿರುಕು ಒಳಗೊಳಗೇ ಬೆಳೆದುದರಿಂದ ಉದುರಿದ ಚಕ್ಕೆಗಳು ತೀರ ಸ್ವಲ್ಪ. ಎಚ್ಚರಿಕೆ ಬರಲೇ ಇಲ್ಲ. ಸ್ಕಾಟ್ಲೆಂಡಿನ ಕಡಲಲ್ಲಿ 2009ರಲ್ಲಿಯೂ ಇದೇ ಬಗೆಯ ಗಿಯರು ಮುರಿದು 16 ಮಂದಿ ತೀರಿಕೊಂಡಿದ್ದರು.

ಆ ಬಾಲಕನ ಕೋನನ್ನು ಪ್ರಯೋಗಶಾಲೆಯ ಕಪಾಟಿನಲ್ಲಿ ಹೊಸದೊಂದರ ಪಕ್ಕದಲ್ಲಿ ಇಡಿಸಿದ್ದೇನೆ. ಭೂತಗನ್ನಡಿಯೂ ಅಲ್ಲಿಯೇ ಇದೆ. ಸಭೆ ಮುಗಿದ ಮೇಲೆ ಬಂದು ನೋಡಿರಿ. ಮೊದಲು ಉಗುರಿನಿಂದ ಮೆಲ್ಲನೆ ಸವರಿ, ಆಮೇಲೆ ಕಣ್ಣಿಟ್ಟು.