ಮರೆವಿನ ರೋಗ ಮತ್ತು ಮಕ್ಕಳ ಹೊಣೆ

(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರು ಮತ್ತು ಅನುಚರರ ಮೇಲೆ ಅಲ್ಲಾಹನ ಕೃಪೆ, ಶಾಂತಿ ಇರಲಿ.

ಸಹೋದರರೇ, ತಂದೆತಾಯಿಯ ಸೇವೆಯ ಬಗ್ಗೆ ಈ ಮಿಂಬರಿನಿಂದ ನೀವು ಎಷ್ಟೋ ಸಲ ಕೇಳಿದ್ದೀರಿ. ಇವತ್ತು ಅದರಲ್ಲೇ ಒಂದು ಕಷ್ಟದ ಭಾಗವನ್ನು ಹೇಳಬೇಕು. ಮಗನ ಹೆಸರನ್ನೇ ಮರೆತ ಉಮ್ಮ, ಮನೆಯ ದಾರಿಯನ್ನೇ ಮರೆತ ಬಾಪ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಿಗೆ ಹೋದಾಗ ಒಳಕೋಣೆಯಿಂದ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವ ದನಿ ಬರುತ್ತದೆ. ಮನೆಯವರು ನಾಚಿಕೆಯಿಂದ ಬಾಗಿಲು ಎಳೆದುಕೊಂಡು, “ವಯಸ್ಸಾಯಿತಲ್ಲ ಉಸ್ತಾದರೇ” ಎನ್ನುತ್ತಾರೆ.

ಪಕ್ಕದ ಮನೆಯವರ ಹೆಸರು ತಟ್ಟನೆ ನೆನಪಾಗದಿರುವುದು ವಯಸ್ಸು. ನಲ್ವತ್ತು ವರ್ಷ ನಡೆದ ದಾರಿಯಲ್ಲಿ ಮಸೀದಿಯಿಂದ ಮನೆಗೆ ತಲುಪಲಾಗದಿರುವುದು ರೋಗ. ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದರು. ಮಿದುಳಿನ ಜೀವಕೋಶಗಳು ಮೆಲ್ಲನೆ ನಾಶವಾಗುತ್ತ ಹೋಗುವ ಕಾಯಿಲೆ ಇದು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಇಂಥ ಮರೆವಿನ ರೋಗವಿದೆ. ಅಂದರೆ ನೂರಕ್ಕೆ ಏಳಕ್ಕಿಂತ ಹೆಚ್ಚು. ನಮ್ಮ ಜಮಾಅತಿನ ಹಿರಿಯರನ್ನು ಮನಸ್ಸಿನಲ್ಲೇ ಎಣಿಸಿ ನೋಡಿ.

ಇದು ಜಿನ್ನ್ ಬಾಧೆಯಲ್ಲ, ಈಮಾನಿನ ಕೊರತೆಯೂ ಅಲ್ಲ. ಮನುಷ್ಯರಲ್ಲಿ ಕೆಲವರು ಅತ್ಯಂತ ದುರ್ಬಲ ವಯಸ್ಸಿಗೆ ಮರಳಿಸಲ್ಪಡುತ್ತಾರೆ, ಎಲ್ಲ ತಿಳಿದ ಬಳಿಕ ಏನೂ ತಿಳಿಯದವರಾಗುತ್ತಾರೆ ಎಂದು ಪವಿತ್ರ ಕುರ್‌ಆನ್ ಅನ್ನಹ್ಲ್ ಅಧ್ಯಾಯದ 70ನೇ ವಚನದಲ್ಲೂ ಅಲ್‌ಹಜ್ಜ್ ಅಧ್ಯಾಯದ 5ನೇ ವಚನದಲ್ಲೂ ತಿಳಿಸಿದೆ. ಆ ಸ್ಥಿತಿಯಿಂದ ಪ್ರವಾದಿ(ಸ)ರು ಅಲ್ಲಾಹನಲ್ಲಿ ಅಭಯ ಬೇಡುತ್ತಿದ್ದರು. ಅವರೇ ಅಭಯ ಬೇಡಿದ ಸ್ಥಿತಿಯಲ್ಲಿರುವ ಮನುಷ್ಯನನ್ನು ಮಕ್ಕಳ ಎದುರು ಗೇಲಿ ಮಾಡುವುದು, ಆಡಿದ್ದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಕುಟುಂಬದ ಗ್ರೂಪಿಗೆ ಹಾಕುವುದು ನಮಗೆ ಹೇಗೆ ಸಾಧ್ಯವಾಗುತ್ತದೆ?

ನೀರು ಮಂತ್ರಿಸಿ ಕೊಡಿ ಎಂದು ಬರುವವರಿಗೆ ನಾನು ಓದಿ ಕೊಡುತ್ತೇನೆ, ದುಆ ಮಾಡುತ್ತೇನೆ. ಜೊತೆಗೆ, ಡಾಕ್ಟರರಿಗೆ ತೋರಿಸಿದಿರಾ ಎಂದೂ ಕೇಳುತ್ತೇನೆ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್, ಮನಸ್ಸಿನ ಖಿನ್ನತೆಯಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ. ನಿನ್ನೆಯವರೆಗೆ ಸರಿಯಿದ್ದವರು ಇವತ್ತು ಏಕಾಏಕಿ ಗೊಂದಲಗೊಂಡರೆ ಮೂತ್ರದ ಸೋಂಕು ಇರಬಹುದು, ತಡಮಾಡಬಾರದು. ಆಲ್ಝೈಮರಿಗೆ ಪೂರ್ತಿ ಗುಣಪಡಿಸುವ ಮದ್ದಿಲ್ಲ. ಆದರೆ ಬೇಗ ಗೊತ್ತಾದರೆ ಮನೆಯವರು ತಯಾರಾಗಬಹುದು. ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನವನ್ನು ವಿಚಾರಿಸಿ. 14416 ಟೆಲಿ ಮಾನಸ್ ಸಂಖ್ಯೆಗೆ ಯಾವ ಹೊತ್ತಿಗೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರೂ ಮಾಡಬಹುದು; ಅವರಿಗೂ ನಿದ್ದೆಗೆಟ್ಟಿರುತ್ತದೆ.

ಈಗ ಮಸ್ಅಲ. ಬುದ್ಧಿ ಕಳೆದುಕೊಂಡವನ ಮೇಲಿನಿಂದ, ಬುದ್ಧಿ ಮರಳುವ ತನಕ, ಕರ್ಮ ಬರೆಯುವ ಲೇಖನಿಯನ್ನು ಎತ್ತಲಾಗಿದೆ ಎಂದು ಹದೀಸ್ ಇದೆ. ಆದ್ದರಿಂದ ಪೂರ್ತಿ ತಿಳಿವು ಹೋದ ಉಮ್ಮನ ಮೇಲೆ ನಮಾಝ್ ಫರ್ಝ್ ಅಲ್ಲ, ಕಝಾ ಇಲ್ಲ, ರಮಝಾನಿನ ಉಪವಾಸವಿಲ್ಲ, ಅದಕ್ಕೆ ಫಿದ್‌ಯವೂ ಇಲ್ಲ. ಬುದ್ಧಿ ಸರಿಯಿದ್ದು ಮುಪ್ಪಿನಿಂದ ಉಪವಾಸ ಹಿಡಿಯಲಾಗದವರ ವಿಷಯ ಬೇರೆ, ಅವರಿಗೆ ಫಿದ್‌ಯ ಇದೆ. ಎರಡನ್ನೂ ಬೆರೆಸಿಕೊಳ್ಳಬೇಡಿ. ಒಮ್ಮೆ ತಿಳಿದು ಒಮ್ಮೆ ಮರೆಯುವ ಮೊದಲ ಹಂತದಲ್ಲಿ ಪಕ್ಕದಲ್ಲಿ ಕುಳಿತು ರಕಅತ್ ನೆನಪಿಸಿ. ಒಂದೇ ನಮಾಝನ್ನು ಎರಡು ಸಲ ಮಾಡಿದರೆ ಮಾಡಲಿ ಬಿಡಿ. ಮಕ್ಕಳ ಹೆಸರು ಹೋದ ಮೇಲೂ ಫಾತಿಹಾ ಉಳಿದವರನ್ನು ನಾನು ನೋಡಿದ್ದೇನೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಒಬ್ಬರು ಉಮ್ಮ ದಿನವಿಡೀ ಶಾಲಿನ ತುದಿಯನ್ನು ಬೀಡಿಯಂತೆ ಸುರುಟುತ್ತಿದ್ದರು. ಮಗಳು ಅದನ್ನು ತಡೆಯದೆ ಮಡಿಲಲ್ಲಿ ಒಂದು ಮೊರ ಇಟ್ಟು, ಕಾಗದ ಕತ್ತರಿಸಿ ಕೊಡುತ್ತಿದ್ದಳು. ಉಮ್ಮ ಶಾಂತವಾಗಿರುತ್ತಿದ್ದರು.

ಆದರೆ ಝಕಾತ್ ಹಾಗಲ್ಲ. ನಮ್ಮ ಶಾಫಿಈ ಮದ್‌ಹಬಿನಲ್ಲಿ ಬುದ್ಧಿ ಇಲ್ಲದವರ ಸಂಪತ್ತಿಗೂ ಝಕಾತ್ ಇದೆ, ಅದನ್ನು ಹೊಣೆ ಹೊತ್ತವರು ಕೊಡಬೇಕು. ಸಂಪತ್ತಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ, ಕೆಲವರಿಗೆ ಬೇಸರವಾದರೂ ಸರಿ. ಇವತ್ತು ಯಾವ ವಾರ ಎಂದು ಗೊತ್ತಿಲ್ಲದ ಬಾಪನನ್ನು ಕಾರಿನಲ್ಲಿ ಕೂರಿಸಿ ನೋಂದಣಿ ಕಚೇರಿಗೆ ಕರೆದೊಯ್ದು ಹೆಬ್ಬೆಟ್ಟು ಒತ್ತಿಸಿ ತೋಟವನ್ನು ಒಬ್ಬ ಮಗನ ಹೆಸರಿಗೆ ಮಾಡಿಸುವುದು ಶರೀಅತಿನಲ್ಲಿ ಊರ್ಜಿತವಲ್ಲ. ತಿಳಿವಿಲ್ಲದವನ ಮಾರಾಟವೂ ಇಲ್ಲ, ಹಿಬಾ ದಾನವೂ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯೂ ಕರಾರಿಗೆ ಸ್ವಸ್ಥ ಬುದ್ಧಿ ಬೇಕೆನ್ನುತ್ತದೆ. ಕಾಗದ ಗಟ್ಟಿಯಾಗಿರಬಹುದು, ಆದರೆ ಆ ತೋಟದ ಅಡಿಕೆ ಸಹೋದರಿಯರ ಹಕ್ಕು.

ಇನ್ನೊಂದು ಮಾತು ಗಂಡಸರಿಗೆ. ಈ ಸಫ್‌ಗಳಲ್ಲಿ ಕುಳಿತು ಕೇಳುತ್ತಿರುವವರು ನೀವು. ಉಮ್ಮನ ಬಟ್ಟೆ ಒಗೆಯುತ್ತಿರುವವರು ಈಗ ಮನೆಯಲ್ಲಿದ್ದಾರೆ. ಮಗ ಗಲ್ಫಿನಲ್ಲಿ, ಸೊಸೆ ರಾತ್ರಿ ನಾಲ್ಕು ಸಲ ಎದ್ದು. ಮಗ್ರಿಬ್ ಹೊತ್ತಿಗೆ ಈ ರೋಗಿಗಳಿಗೆ ಚಡಪಡಿಕೆ ಹೆಚ್ಚು. ಸ್ವಂತ ಮನೆಯಲ್ಲೇ ನಿಂತು “ಮನೆಗೆ ಹೋಗಬೇಕು” ಎಂದು ಹಠ ಹಿಡಿಯುತ್ತಾರೆ. ಬಾಗಿಲು ತೆರೆದಿದ್ದರೆ ಹೊರಟೇಬಿಡುತ್ತಾರೆ. ಅಂಗಳದಲ್ಲಿ ಬಾವಿ, ಕೆಳಗೆ ನೇತ್ರಾವತಿ, ಬಿ.ಸಿ. ರೋಡಿನಲ್ಲಿ ಹೆದ್ದಾರಿ. ಅತ್ತೆ ಮಾವನ ಸೇವೆ ಸೊಸೆಯ ಮೇಲೆ ಫರ್ಝ್ ಅಲ್ಲ. ಅವಳು ಮಾಡಿದರೆ ಅದು ಅವಳ ಔದಾರ್ಯ, ಅಲ್ಲಾಹನಲ್ಲಿ ಅವಳಿಗೆ ಪ್ರತಿಫಲವಿದೆ. ಹೊಣೆ ಇರುವುದು ಹೆತ್ತ ಮಕ್ಕಳ ಮೇಲೆ. ತಿಂಗಳಿಗೆ ಹಣ ಕಳಿಸಿ, “ಅವಳು ನೋಡಿಕೊಳ್ಳುತ್ತಾಳೆ” ಎನ್ನುವವರು ಮೊದಲು ಅವಳಿಗೆ ಕೃತಜ್ಞತೆ ಹೇಳಲಿ. ಹಗಲಿಗೊಬ್ಬ ಸಹಾಯಕಿಯನ್ನು ಇಡಲಿ, ರಜೆಯಲ್ಲಿ ಬಂದಾಗ ರಾತ್ರಿಯ ಪಾಳಿ ತಾವು ಹಿಡಿಯಲಿ. ಬಾವಿಗೆ ಬಲೆ ಹಾಕಿಸಿ, ಕಿಸೆಯಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ.

ನನ್ನ ತಪ್ಪನ್ನೂ ಹೇಳಬೇಕು. ಹಿಂದೆ ನಾನಿದ್ದ ಒಂದು ಜಮಾಅತಿನಲ್ಲಿ ಮೊದಲ ಸಫ್‌ನಲ್ಲಿ ನಿಲ್ಲುತ್ತಿದ್ದ ಹಿರಿಯರೊಬ್ಬರು ರಾತ್ರಿ ಎರಡು ಗಂಟೆಗೆ ಸುಬ್‌ಹ್ ಎಂದು ಬಂದು ಬಾಗಿಲು ಬಡಿಯುತ್ತಿದ್ದರು. ನಮಾಝಿನ ಮಧ್ಯೆ ಮಾತಾಡುತ್ತಿದ್ದರು. ಒಮ್ಮೆ ಜಮಖಾನೆಯ ಮೇಲೆ ಮೂತ್ರವಾಯಿತು. ಜನ ಗೊಣಗಿದರು. ಮಸೀದಿಯ ಶುದ್ಧಿ ಕಾಯಬೇಕಾದದ್ದು ನಿಜ. ನಾನು ಅವರ ಮಗನನ್ನು ಕರೆದು, ಇನ್ನು ಕರೆತರಬೇಡಿ ಎಂದೆ. ಮಸ್ಅಲ ಸರಿಯಿತ್ತು. ಆದರೆ ಆಮೇಲೆ ಅವರು ಬದುಕಿದ್ದ ಒಂದೂವರೆ ವರ್ಷದಲ್ಲಿ ನಾನು ಆ ಮನೆಗೆ ಹೋದದ್ದು ಮಯ್ಯಿತ್ ನಮಾಝಿನ ದಿನ.

ಮಕ್ಕಾ ವಿಜಯದಂದು ಅಬೂಬಕರ್(ರ) ಕಣ್ಣು ಕಾಣದ ತಮ್ಮ ವೃದ್ಧ ತಂದೆ ಅಬೂ ಕುಹಾಫರನ್ನು ಪ್ರವಾದಿ(ಸ)ರ ಬಳಿಗೆ ಕರೆತಂದರು. ಆ ಹಿರಿಯರನ್ನು ಮನೆಯಲ್ಲೇ ಬಿಟ್ಟಿದ್ದರೆ ನಾನೇ ಅವರ ಬಳಿಗೆ ಬರುತ್ತಿದ್ದೆನಲ್ಲ ಎಂಬರ್ಥದಲ್ಲಿ ಪ್ರವಾದಿ(ಸ)ರು ಹೇಳಿದರು. ಒಂದು ನಗರವೇ ಕೈಗೆ ಬಂದ ದಿನ, ಅಷ್ಟು ಕೆಲಸದ ನಡುವೆ. ಈ ಹದೀಸನ್ನು ನಾನು ಮದ್ರಸದಲ್ಲಿ ಓದಿದ್ದೆ, ಪರೀಕ್ಷೆಗೂ ಬರೆದಿದ್ದೆ.

ಇವತ್ತು ಅಸರ್ ನಮಾಝಿನ ನಂತರ ಮದ್ರಸದ ಕೋಣೆಯಲ್ಲಿ ಕುಳಿತಿರುತ್ತೇನೆ. ಮನೆಯಲ್ಲಿ ಇಂಥ ರೋಗಿ ಇರುವವರು ಬಂದು ಹೇಳಿ. ವಾರಕ್ಕೆ ಎರಡು ಗಂಟೆ ಅವರ ಪಕ್ಕ ಕೂರಲು ಸಿದ್ಧರಿರುವ ಯುವಕರು ಹೆಸರು ಕೊಡಿ. ಹೆಂಗಸು ರೋಗಿಗಳಿರುವಲ್ಲಿಗೆ ನಿಮ್ಮ ಉಮ್ಮ, ಸಹೋದರಿಯರನ್ನು ಕೇಳಿ ನೋಡಿ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದು: ಸೋಮವಾರ, ಮಗ್ರಿಬಿನಿಂದ ಇಶಾವರೆಗೆ.