ಹಳೆಯ ಗಣಕಕ್ಕೆ ಮರುಜೀವ



2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ರಾಮನಗರ ಸೀಮೆಯ ಕೆಂಪಾಪುರದಂತಹ ಊರುಗಳಲ್ಲಿಯೂ ಸುಸ್ಥಿತಿಯಲ್ಲಿರುವ ಗಣಕಗಳು ಇನ್ನು ಗುಜರಿ ಸೇರುವ ಭಯವಿದೆ. ಅವುಗಳೊಳಗಿನ ಸೀಸ, ಕ್ಯಾಡ್ಮಿಯಂ ಮಣ್ಣಿಗಿಳಿದರೆ ಬೆಳೆಗೂ ಬಾವಿಗೂ ವಿಷವೇ ಸರಿ.

ಲಿನಕ್ಸ್ ಅಳವಡಿಸಿದರೆ ಅದೇ ಯಂತ್ರ ಇನ್ನೂ ಹಲವು ವರ್ಷ ದುಡಿಯಬಲ್ಲದು. ಸಿ.ಡಿ. ಬರೆಯುವ ಸಾಧನವಿಲ್ಲದಿರುವುದು ತೊಡಕಲ್ಲ. ಡೆಬಿಯನ್‌ನ ಐಎಸ್ಒ ಕಡತವನ್ನು ಪೆನ್‌ಡ್ರೈವಿಗೆ ಬರಿದೆ ನಕಲಿಸದೆ, ರೂಫಸ್‌ನಂತಹ ತಂತ್ರಾಂಶದಿಂದ ಬರೆಯಬೇಕು. ಬಯೋಸ್‌ನಲ್ಲಿ ಅದನ್ನೇ ಮೊದಲ ಆಯ್ಕೆಯಾಗಿಸಬೇಕು. ಯುಎಸ್‌ಬಿಯಿಂದ ಆರಂಭವಾಗದ ಯಂತ್ರವಾದರೆ, ಹಾರ್ಡ್‌ಡಿಸ್ಕನ್ನು ಕಳಚಿ ಬೇರೊಂದು ಗಣಕದಲ್ಲಿ ಲಿನಕ್ಸ್ ತುಂಬಿ ಮರಳಿ ಜೋಡಿಸಬಹುದು. 32 ಬಿಟ್ ಯಂತ್ರಕ್ಕೆ ಡೆಬಿಯನ್ 12 ಬೇಕು. 13ರಲ್ಲಿ ಅದಕ್ಕೆ ಅನುಸ್ಥಾಪಕವಿಲ್ಲ. ಡಿಸ್ಕ್ ಅಳಿಯುವುದರಿಂದ ಪತ್ರ, ಚಿತ್ರಗಳ ಪ್ರತಿ ಮೊದಲೇ ತೆಗೆದಿಡುವುದು ಅಗತ್ಯ.

ಗುಳ ಸವೆದರೆ ರೈತ ಗುಳವನ್ನಷ್ಟೇ ಬದಲಿಸುತ್ತಾನೆ, ನೇಗಿಲನ್ನು ಎಸೆಯುವುದಿಲ್ಲ. ಗಣಕಕ್ಕೂ ಆ ವಿವೇಕವೇ ಸಲ್ಲಬೇಕು.